ತರಬೇತಿಯ ದಿನದ ಬೀಗ

ಗುಂಡ್ಲುಪೇಟೆ, ಸೋಮವಾರ

ಪ್ರಾಂಶುಪಾಲರಿಗೆ ತಹಸೀನಳ ನಮಸ್ಕಾರ.

ಸರ್, ನಮ್ಮ ಕಾಲೇಜಿನ ಕಲಿಕಾ ಕೇಂದ್ರದ ಸಿಬ್ಬಂದಿಗೆ ಚಾಮರಾಜನಗರದಲ್ಲಿ ಮತ್ತೆ ತರಬೇತಿ ಇದೆ, ಹೋಗಲೇಬೇಕು ಎಂದಿದ್ದೀರಿ. ಹೋಗುತ್ತೇನೆ. ಇರುವವಳು ನಾನೊಬ್ಬಳೇ ಆದ್ದರಿಂದ ಪ್ರತಿ ಸಲವೂ ಕೇಂದ್ರಕ್ಕೆ ಬೀಗ ಬೀಳುತ್ತದೆ.

ಕೇಂದ್ರಕ್ಕೆ ಇಂಗ್ಲಿಷ್ ಕಲಿಯಲು ಬರುತ್ತಿದ್ದ ಭವ್ಯಳಿಗೆ ಹೋದ ತರಬೇತಿಯ ವಾರವೇ ಪರೀಕ್ಷೆಯಿತ್ತು. ಆಮೇಲೆ ಅವಳು ಕಾಲೇಜಿಗೇ ಬರಲಿಲ್ಲ. ಹಂಗಳದ ಅವಳ ಮನೆಗೆ ಹೋಗಿ ಕರೆದೆ.

"ದಿನಾ ಬಸ್ಸತ್ತಿ ಓಗಿ, ನಿಮ್ ಬೀಗ ನೋಡ್ಕಂಡ್ ಬಂದ್ಲು ಕಣ ಮೇಡಮ್ಮ. ಫೇಲಾದ್ಲು. ಮದ್ವೆ ಗೊತ್ ಮಾಡ್ಬುಟ್ಟೊ," ಎಂದರು ತಾಯಿ.

ಮಕ್ಕಳು ಕಾಲೇಜು ಬಿಡದಂತೆ ತಡೆಯುವುದು ಹೇಗೆ ಎಂದು ಈ ಸಲದ ತರಬೇತಿಯಲ್ಲಿ ನಾನೇ ಮಾತಾಡಬೇಕಂತೆ. ಮಾತಾಡುತ್ತೇನೆ, ಚಪ್ಪಾಳೆಯೂ ಬೀಳಬಹುದು.

ನಾನಿಲ್ಲದಾಗ ದಯವಿಟ್ಟು ಬಾಗಿಲು ತೆಗೆಸಿಡಿ, ಫ್ಯಾನು ಹಾಕಿಸಿಡಿ, ಬಂದ ಮಕ್ಕಳು ಕೂತು ಓದಿಕೊಳ್ಳಲಿ. ಭವ್ಯ ಬರುವುದಿಲ್ಲ, ಗೊತ್ತು.

ಇಂತಿ,
ತಹಸೀನ್