ಏಳು ಮನೆಗಳ ಕೆಳಗಿನ ಪೊಳ್ಳು

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರ.

ನಿನ್ನ ಕಾಗದಕ್ಕೆ ಎರಡು ತಿಂಗಳಿಂದ ಉತ್ತರ ಬರೆದಿಲ್ಲ. ಬೈ, ಆದರೆ ಪೂರ್ತಿ ಓದಿ ಬೈ. ಕೆಲಸ ಜಾಸ್ತಿ ಇತ್ತು ಅನ್ನುವುದು ಅರ್ಧ ನಿಜ. ಇಲ್ಲಿ ಎಲ್ಲರೂ ಕ್ಷೇಮ. ನಮ್ಮ ಮನೆಯವರ ಮಂಡಿನೋವೂ ಕ್ಷೇಮವಾಗಿಯೇ ಇದೆ, ಬಿಟ್ಟು ಹೋಗುವ ಲಕ್ಷಣ ಕಾಣೆ.

ಈ ಸಲ ಕಚೇರಿಯವರು ನೆಲ ಅಳೆಯಲು ನನ್ನನ್ನು ಕಳಿಸಿದ್ದು ಹಳೇ ಗಣಿಯ ಮೇಲಿನ ಬೀದಿಗೆ. ಹೌದು, ಅದೇ ಬೀದಿ. ಹನ್ನೊಂದು ವರ್ಷದ ಹಿಂದೆ ನೀನು ಸ್ಪ್ರಿಂಗಿನ ಮಾಪಕದಲ್ಲಿ ನೆಲದ ಸೆಳೆತ ಅಳೆದು, ನಾನು ಪುಸ್ತಕದಲ್ಲಿ ಬರೆದುಕೊಂಡು, ಕೊನೆಗೆ ನೀನು 'ನೆಲ ಗಟ್ಟಿ' ಎಂದು ಸಹಿ ಹಾಕಿದ್ದು. ಮರುವರ್ಷ ಮೂಲೆಮನೆ ಕುಸಿದು ಅಲ್ಲಿದ್ದ ದರ್ಜಿಯ ಕಾಲು ಹೋಯಿತು, ನಿನ್ನ ಕೆಲಸ ಹೋಯಿತು. ಆಗ ಆ ಮೂಲೆಯನ್ನಷ್ಟೇ ತುಂಬಿಸಿ ಕೈತೊಳೆದುಕೊಂಡಿದ್ದರು. ಈಗ ಪಕ್ಕದ ಕ್ಷೌರದಂಗಡಿಯ ಗೋಡೆ ಬಿರುಕು ಬಿಟ್ಟಿದೆ.

ಹೊಸ ಯಂತ್ರ ನೋಡಿದರೆ ನೀನು ನಗುತ್ತೀಯ, ಟ್ರಾಲಿಯ ಮೇಲೆ ಕೂರಿಸಿದ ಡ್ರಮ್ಮಿನ ಹಾಗಿದೆ. ಒಳಗೆ ಪರಮಾಣುಗಳನ್ನು ಲೇಸರಿನಿಂದ ತಣಿಸಿ, ಕೈಬಿಟ್ಟು, ಹೇಗೆ ಬೀಳುತ್ತವೆ ಎಂದು ಅಳೆಯುತ್ತದೆ. ನೆಲದಡಿ ಪೊಳ್ಳಿದ್ದರೆ ಭೂಮಿಯ ಸೆಳೆತ ಚೂರೇ ಚೂರು ಕಡಿಮೆ. ಮೇಲೊಂದು, ಕೆಳಗೊಂದು ಗುಂಪು ಬೀಳಿಸಿ ಹೋಲಿಸುವುದರಿಂದ, ಪಕ್ಕದಲ್ಲಿ ಲಾರಿ ಹೋದರೂ ಅಲುಗಾಟ ಎರಡಕ್ಕೂ ಒಂದೇ, ಲೆಕ್ಕ ಕೆಡುವುದಿಲ್ಲ.

ಕ್ಷೌರದವನು ಬಾಗಿಲಲ್ಲೇ ನಿಂತಿದ್ದ. "ತೂಕದ ಯಂತ್ರನಾ ಅಮ್ಮಾ? ನನ್ನ ಹೆಂಡ್ತೀನ ನಿಲ್ಲಿಸ್ಲಾ?"

"ಇದು ನೆಲ ತೂಗೋದು."

"ಹಂಗಾದ್ರೆ ಅವಳೇ ಗೆದ್ಲು ಬಿಡಿ," ಅಂದ. ಒಳಗಿನಿಂದ ಬಾಚಣಿಗೆ ಹಾರಿ ಬಂತು.

ಮೂರು ದಿನ ಮನೆಮನೆಗೂ ಟ್ರಾಲಿ ತಳ್ಳಿದೆ. ಏಳು ಮನೆಗಳ ಸಾಲಿನುದ್ದಕ್ಕೂ ಅಂಕಿ ಕೆಳಗಿಳಿಯಿತು; ಅಂದಿನಿಂದ ಪೊಳ್ಳು ಮೂಲೆಯಿಂದಾಚೆಗೂ ಹಬ್ಬಿರಬೇಕು. ನಾಲ್ಕನೆಯ ದಿನ ಬೈರಿಗೆ ಹಾಕಿಸಿದರೆ ಆರು ಮೀಟರಿನಲ್ಲಿ ಸರಳು ತಾನಾಗಿ ಪೊಳ್ಳಿನೊಳಗೆ ಜಾರಿ ಹೋಯಿತು. ಸಂಜೆಯೊಳಗೆ ಏಳೂ ಮನೆ ಖಾಲಿ ಮಾಡಿಸಿದರು. ಕ್ಷೌರದವನು ಕನ್ನಡಿ ಹೊತ್ತುಕೊಂಡು ಹೊರಬಂದ. ಈಗ ತಮಾಷೆ ಇರಲಿಲ್ಲ.

"ಹಿಂದೆ ಒಬ್ಬ ಬಂದು ಗಟ್ಟಿ ಇದೆ ಅಂದಿದ್ದ. ಅವನ ಬಾಯಿಗೆ ಮಣ್ಣು ಹಾಕ," ಅಂದ.

ನಾನು ತಲೆ ಎತ್ತಲಿಲ್ಲ. ಕೇಬಲ್ ಸುತ್ತುತ್ತಿದ್ದೆ.

ಮುಂದಿನ ವಾರ ಪೊಳ್ಳಿಗೆ ಕಾಂಕ್ರೀಟು ಸುರಿಯುತ್ತಾರೆ. ಯಾರಿಗೂ ಒಂದು ಗಾಯವಿಲ್ಲ. ನಿನ್ನ ಕನ್ನಡಕದಂಗಡಿ ಹೇಗೆ ನಡೀತಿದೆ? ಅತ್ತಿಗೆಗೆ ನಮಸ್ಕಾರ. ಮಕ್ಕಳು ನೂರ್ಕಾಲ ಬಾಳಲಿ, ನಿನ್ನ ಕೋಪ ಬಿಟ್ಟು ಬೇರೆಲ್ಲ ಅವರಿಗೆ ಬರಲಿ.

ನಿನ್ನ,
ಪುಟ್ಟಿ

ತಾ.ಕ.: ಹನ್ನೊಂದು ವರ್ಷದ ಹಿಂದೆ ಅಂದು ನೀನು ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಹೊರಟಾಗ ಮೂಲೆಮನೆಯೊಂದೇ ಅಳೆಯಲು ಬಾಕಿ ಇತ್ತು. "ಮೂರು ಸಲ ಓದು, ಅವಸರ ಮಾಡಬೇಡ" ಎಂದು ಹೇಳಿ ಹೋದೆ. ಲಾರಿಗಳಿಂದ ಮಾಪಕದ ಮುಳ್ಳು ಅಲುಗಾಡುತ್ತಿತ್ತು, ಎರಡು ಸಲ ಒಂದೇ ಅಂಕಿ ಬರುವಂತಿರಲಿಲ್ಲ. ಅಮ್ಮನ ಹತ್ತಿರ ಹೋಗಬೇಕು ಅನ್ನಿಸಿ ನಾನು ಒಂದೇ ಸಲ ಓದಿ, ಅದೇ ಅಂಕಿಯನ್ನು ಮೂರು ಸಲ ಬರೆದೆ. ಮನೆ ಕುಸಿದ ಮೇಲಿನ ವಿಚಾರಣೆಯಲ್ಲಿ ನೀನು "ಓದಿದ್ದೆಲ್ಲ ನಾನೇ" ಅಂದೆ, ನಾನು ನಿನ್ನ ಹಿಂದಿನ ಕುರ್ಚಿಯಲ್ಲಿ ಬಾಯಿಮುಚ್ಚಿ ಕೂತಿದ್ದೆ. ನಿನ್ನೆ ಇದನ್ನೆಲ್ಲ ಬರೆದು ಕಚೇರಿಗೆ ಕೊಟ್ಟೆ. ದರ್ಜಿಯ ಮನೆಗೂ ಹೋಗಿ ಹೇಳಿದೆ. ಅವನು ಬಾಗಿಲು ಹಾಕಿಕೊಂಡ. ಮೂರು ಅಂಕಿ ಒಂದೇ ಇದ್ದದ್ದು ನಿನ್ನ ಕಣ್ಣಿಗೆ ಬೀಳದೆ ಇರುತ್ತದಾ ಅಣ್ಣಾ? ಗೊತ್ತಿದ್ದೇ ಸುಮ್ಮನಿದ್ದೆಯಾ? ಬೇರೇನೂ ಬರೆಯದಿದ್ದರೂ ಇದೊಂದಕ್ಕೆ ಉತ್ತರ ಬರೆ.