ಸಡಿಲ ಹೊಲಿಗೆ

ಜೂನ್ 3, ಸಂಜೆ

ಮುನ್ನೂರ ಹತ್ತು ಬೆಡ್‌ಶೀಟು. ಟವೆಲ್ ಎಷ್ಟೋ, ಎಣಿಸೋದು ಬಿಟ್ಟುಬಿಟ್ಟೆ. ದೊಡ್ಡ ಮಷೀನು ಮತ್ತೆ ಕುಣಿಯೋಕೆ ಶುರು ಮಾಡಿದೆ, ಕಾಲಿನ ಕೆಳಗೆ ರಟ್ಟು ಮಡಿಸಿ ತುರುಕಿದೆವು. ಸೊಂಟ ನೋವು. ಹೋಟೆಲಿನ ಲಾಂಡ್ರಿ ಅಂದರೆ ನೆಲಮಾಳಿಗೆ, ಕಿಟಕಿ ಇಲ್ಲ. ಹೊರಗೆ ಮಳೆಯೋ ಬಿಸಿಲೋ, ಗೆಸ್ಟುಗಳ ಪ್ಯಾಂಟಿನ ಅಂಚು ನೋಡಿ ತಿಳಿಯಬೇಕು.

ಮೂರನೇ ಮಹಡಿ ಪೂರ್ತಿ ಬಂದ್. ಇಪ್ಪತ್ತಮೂರು ಜನ ಶಾಸಕರನ್ನ ತಂದು ಇಟ್ಟಿದಾರೆ. ಫೋನು ಕಿತ್ತುಕೊಂಡಿದಾರಂತೆ. ಹದಿನಾಲ್ಕನೇ ತಾರೀಕು ವಿಧಾನಸಭೆಯಲ್ಲಿ ಕ್ಯಾಸಿನೊ ಕಾನೂನಿಗೆ ಓಟು — ಜೂಜಿನ ರೆಸಾರ್ಟುಗಳಿಗೆ ಲೈಸೆನ್ಸ್ ಕೊಡೋ ಕಾನೂನು. ಸರ್ಕಾರಕ್ಕೆ ಒಂದೆರಡು ತಲೆ ಕಮ್ಮಿ ಬೀಳಬಹುದಂತೆ. ಅದಕ್ಕೇ ಇರುವವರು ಜಾರದ ಹಾಗೆ ಈ ಕಾವಲು. ಮೊದಲ ಲೈಸೆನ್ಸು ನಮ್ಮ ಹೋಟೆಲಿನ ಯಜಮಾನರಿಗೇ ಅಂತೆ.

ಇಸ್ತ್ರಿ ಟೇಬಲ್ ಹತ್ತಿರ ನಿಂತು ಇಸ್ತ್ರಿಯಣ್ಣ ಅಂದ, "ನೋಡು ತಂಗೀ, ನಾವು ಅಂಗಿಗೆ ಮಾಡೋದನ್ನ ಅವರು ಮನುಷ್ಯರಿಗೆ ಮಾಡ್ತಾರೆ. ನೆನೆಸಿ, ಹಿಂಡಿ, ಇಸ್ತ್ರಿ ಹೊಡೆದು, ಮಡಿಸಿ ಸಭೆಗೆ ಕಳಿಸ್ತಾರೆ."

ನಗು ಬಂತು. ಆಮೇಲೆ ಸ್ಟೋರ್ ರೂಮಿಗೆ ಹೋದೆ, ನಗು ಹೋಯಿತು. ಹಸಿರು ಬಟ್ಟೆಯ ಎಂಟು ಸುರುಳಿ ಬಂದು ನಿಂತಿವೆ. ಜೂಜಿನ ಮೇಜಿಗೆ ಹೊದಿಸೋದು. ಕಾನೂನು ಇನ್ನೂ ಆಗಿಲ್ಲ, ಮೇಜಿನ ಬಟ್ಟೆ ಆಗಲೇ ಬಂತು.

ಜೂನ್ 4, ಸಂಜೆ

ಲಾಂಡ್ರಿ ನೋಡಿಕೊಳ್ಳೋ ಮೇಡಂ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಪಕ್ಕದಲ್ಲಿ ಸೆಕ್ಯೂರಿಟಿ ಸಾಹೇಬ. ನಾವು ಅವನನ್ನ ಬೂಟು ಅಂತೀವಿ, ಮನುಷ್ಯನಿಗಿಂತ ಮೊದಲು ಅದರ ಸದ್ದು ಬರುತ್ತೆ. ಒಳಗಿನ ಮಾತು, ಒಳಗಿನ ಚೀಟಿ, ಒಳಗಿನ ವಸ್ತು ಹೊರಗೆ ಒಯ್ಯೋದಿಲ್ಲ ಅಂತ ದೇವರ ಮೇಲೆ ಆಣೆ. ಉಳಿದವರು ಗೊಣಗೊಣ ಅಂದು ಮುಗಿಸಿದರು. ನಾನು ಒಂದೊಂದು ಅಕ್ಷರ ಬಿಡಿಸಿ ಹೇಳಿದೆ. ದೇವರ ಹೆಸರು ಬಾಯಿಗೆ ಬಂದ ಮೇಲೆ ಅರ್ಧ ನುಂಗೋಕೆ ನನ್ನ ಕೈಲಾಗಲ್ಲ.

ಬೂಟು ನನ್ನನ್ನೇ ನೋಡಿದ. "ಈಯಮ್ಮ ಪರವಾಗಿಲ್ಲ," ಅಂದ. ಹೊಗಳಿದ್ದು. ಆದರೂ ಹಿಡಿಸಲಿಲ್ಲ.

ಮನೆಯಲ್ಲಿ ಇವರಿಗೆ ಖುಷಿಯೋ ಖುಷಿ. ಬೆನ್ನು ನೋವು ಅಂತ ಬಸ್ ಡಿಪೋದವರು ಮನೆಗೆ ಕಳಿಸಿ ಎರಡು ವರ್ಷ. ಕ್ಯಾಸಿನೊ ಬಂದರೆ ಗೆಸ್ಟುಗಳ ಕಾರು ಓಡಿಸೋ ಕೆಲಸ ಸಿಗುತ್ತಂತೆ.

"ಬಸ್ಸಿಗೆ ಆಗದ ಬೆನ್ನು ಕಾರಿಗೆ ಆಗುತ್ತಾ?"

"ಬಸ್ಸಿನ ಸೀಟು ಬೇರೆ, ಕಾರಿನ ಸೀಟು ಬೇರೆ ಕಣೇ."

ಅಪ್ಪನ ನೆನಪಾಯಿತು. ಇಸ್ಪೀಟಿಗೆ ಕೂತರೆ ಏಳಿಸಿಕೊಂಡು ಬರೋಕೆ ಅಮ್ಮ ನನ್ನನ್ನೇ ಕಳಿಸೋಳು. ಏಳು ವರ್ಷ ನನಗೆ. ಅಂಗಿ ಹಿಡಿದು ಎಳೀತಿದ್ದೆ. ಒಂದು ಸಲ ತೋಳು ಹರಿದು ಕೈಗೇ ಬಂತು. ಅಪ್ಪ ತಿರುಗಿಯೂ ನೋಡಲಿಲ್ಲ.

ಜೂನ್ 6, ಸಂಜೆ

ಒಗೆಯೋಕೆ ಮುಂಚೆ ಜೇಬು ನೋಡೋದು ನನ್ನ ಕೆಲಸ. ಸಿಕ್ಕಿದ್ದನ್ನ ಕವರಿಗೆ ಹಾಕಿ, ರೂಮ್ ನಂಬರ್ ಬರೆದು, ಟ್ರೇನಲ್ಲಿ ಇಡಬೇಕು. ಟ್ರೇ ಮೇಲಿನ ಮಹಡಿಗೆ ಹೋಗಿ ಅವರವರ ವಸ್ತು ಅವರವರಿಗೆ. ಕಾಗದ ಇದ್ದರೆ ಓದೋ ಹಾಗಿಲ್ಲ. ಹನ್ನೊಂದು ವರ್ಷದಲ್ಲಿ ಒಂದು ಟೂತ್‌ಪಿಕ್ ಸಹ ಕಳೆದಿಲ್ಲ ನಾನು.

ಇವತ್ತು 309ರ ಅಂಗಿ. ಬಿಳೀದು, ಅರ್ಧ ತೋಳು, ಹಳೇದು. ಸವೆದ ಕಾಲರನ್ನ ಬಿಚ್ಚಿ, ಮಗುಚಿ, ಮತ್ತೆ ಹೊಲಿದಿದಾರೆ. ಶಾಸಕರ ಅಂಗಿ! ಕೈಹೊಲಿಗೆ, ಸಾಸಿವೆಯಷ್ಟು ಟಾಕು. ಹೆಂಡತಿಯದೇ ಇರಬೇಕು. ಅಂಗಡಿಯವನಿಗೆ ಅಷ್ಟು ತಾಳ್ಮೆ ಎಲ್ಲಿ? ಜೇಬಿನಲ್ಲಿ ನಾಲ್ಕು ಮಡಿಕೆಯ ಚೀಟಿ ಇತ್ತು. ಓದಲಿಲ್ಲ. ಕವರು, ನಂಬರು, ಟ್ರೇ.

ಜೂನ್ 7, ಸಂಜೆ

309ರ ಬಟ್ಟೆ ಬರಲಿಲ್ಲ. ಇಸ್ತ್ರಿಯಣ್ಣನಿಗೆ ಅಂದೆ, ನಿನ್ನೆ ಅವರ ಚೀಟಿ ಟ್ರೇಗೆ ಹಾಕಿದ್ದೆ, ಸಿಕ್ಕಿತೋ ಇಲ್ಲವೋ ಅಂತ.

ಅವನು ಇಸ್ತ್ರಿ ಎತ್ತಿ ಹಿಡಿದು ನಿಂತುಬಿಟ್ಟ. "ಆ ಟ್ರೇ ಈಗ ರೂಮಿಗೆ ಹೋಗಲ್ಲ ತಂಗೀ. ಇವರೆಲ್ಲ ಬಂದಾಗಿನಿಂದ ಸೀದಾ ಬೂಟಿನ ಟೇಬಲ್ಲಿಗೆ."

"ನನಗೆ ಹೇಳಬಾರದಿತ್ತಾ?"

"ನೀನು ಆಣೆ ಹಾಕಿದ ಠೀವಿ ನೋಡಿ, ನಿನಗೆ ಎಲ್ಲಾ ಗೊತ್ತು ಅಂದುಕೊಂಡೆ."

ಒಗೆಯೋರ ಕೈಗೆ ಸಿಗಲಿ ಅಂತಲೇ ಚೀಟಿ ಇಟ್ಟದ್ದು ಅವರು. ಫೋನು ಇಲ್ಲ, ಬಾಗಿಲಿಗೆ ಕಾವಲು, ಹೊರಗೆ ಹೋಗೋದು ಮೈಲಿಗೆ ಬಟ್ಟೆ ಒಂದೇ. ನಾನು ನಿಯತ್ತಾಗಿ ನಂಬರ್ ಸಮೇತ ಒಪ್ಪಿಸಿದೆ.

ಊಟ ಸೇರಲಿಲ್ಲ.

ಜೂನ್ 8

ಬರಲಿಲ್ಲ.

ಜೂನ್ 10, ಸಂಜೆ

ಬಂತು. 309ರ ಎರಡು ಅಂಗಿ, ಒಂದು ಶೀಟು. ಶೀಟು ಹಿಂಡಿದರೆ ನೀರು ಬರೋ ಹಾಗೆ ಬೆವರು. ಜ್ವರದವರ ಶೀಟು ನನಗೆ ಗೊತ್ತು, ಇದು ಆ ವಾಸನೆ ಅಲ್ಲ.

ಹಿಂದೆಯೇ ಬೂಟು ಇಳಿದು ಬಂದ. "ಒಗೆದ ಮೇಲೆ ಇವುಗಳ ಜೇಬು ಹೊಲಿದುಬಿಡು."

"ಹರಿದಿಲ್ಲ ಸಾರ್."

"ಹರಿದಿದೆ ಅಂದೆನಾ? ಬಾಯಿ ಮುಚ್ಚಿ ಹೊಲಿ. ಒಂದು ಚೂರು ಕಾಗದ ಹೋಗಬಾರದು ಅದರೊಳಗೆ." ಆಮೇಲೆ ನಕ್ಕು, ಬೆನ್ನು ತಟ್ಟೋ ಹಾಗೆ, "ಅವತ್ತು ಒಳ್ಳೇ ಕೆಲಸ ಮಾಡಿದೆ ಕಣಮ್ಮ."

ಸೂಜಿಗೆ ದಾರ ಪೋಣಿಸೋಕೆ ಆರು ಸಲ ಬೇಕಾಯಿತು. ಕೊನೆಗೆ ಕಚ್ಚಾ ಟಾಕು ಹಾಕಿದೆ, ಉದ್ದುದ್ದ, ತುದಿಗೆ ಗಂಟು ಹಾಕದೆ. ಒಂದೆಳೆ ಎಳೆದರೆ ಬಿಚ್ಚಿಕೊಳ್ಳೋ ಹಾಗೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಿದರೆ ಹೇಳೋಕೆ ಬರಲ್ಲ. ಬಿಗಿಯಾಗಿ ಹೊಲಿಯೋಕೆ ಮನಸ್ಸು ಬರಲಿಲ್ಲ, ಅಷ್ಟೇ.

ಜೂನ್ 11, ರಾತ್ರಿ ಎಂಟು

ಕ್ರಮವಾಗಿ ಬರೀತೀನಿ. ಇಲ್ಲದಿದ್ದರೆ ತಲೆ ಕೆಟ್ಟುಹೋಗುತ್ತೆ.

ಬೆಳಿಗ್ಗೆ ಅವರ ಒಂದು ಅಂಗಿ ಬಂತು. ಜೇಬಿನ ದಾರ ಇಲ್ಲ. ಎಳೆದು ತೆಗೆದು, ಮೇಲಿನ ಗುಂಡಿಗೆ ನೀಟಾಗಿ ಸುತ್ತಿದಾರೆ. ನಿನ್ನ ಹೊಲಿಗೆ ನೋಡಿದೆ ಅಂತ ನನಗೆ ಹೇಳಿದ ಹಾಗೆ. ಜೇಬು ಖಾಲಿ. ಕಾಲರಿನ ಮೇಲೆ ಹೆಬ್ಬೆರಳು ಎಳೆದೆ, ಸೋಪು ಹಚ್ಚೋಕೆ. ಒಳಗೆ ಚರಚರ ಅಂತು. ನಾಲ್ಕು ಟಾಕು ಬಿಚ್ಚಿ ಒಳಗೆ ಕಾಗದ ಸೇರಿಸಿದಾರೆ.

ಟಾಯ್ಲೆಟ್ಟಿನಲ್ಲಿ ಚಿಲಕ ಹಾಕಿಕೊಂಡು ಓದಿದೆ. ಓದಬಾರದು ಅನ್ನೋ ರೂಲ್ಸು ಗೊತ್ತಿತ್ತು. ಓದಿದೆ.

"ಜೇಬಿಗೆ ಸಡಿಲ ಹೊಲಿಗೆ ಹಾಕಿದ ತಾಯಿಗೆ. ಮೊದಲ ಚೀಟಿ ಅವರ ಕೈಗೆ ಸಿಕ್ಕ ದಿನದಿಂದ ನನ್ನ ಎದೆಯ ಮಾತ್ರೆ ಕಿತ್ತುಕೊಂಡಿದ್ದಾರೆ. ಕಾನೂನಿಗೆ ಒಪ್ಪಿಗೆ ಅಂತ ಸಹಿ ಹಾಕಿದರೆ ಕೊಡುತ್ತಾರಂತೆ. ಹಾಕಿಲ್ಲ, ಹಾಕುವುದಿಲ್ಲ. ಇದು ನನ್ನ ಹೆಂಡತಿಗೆ ಮುಟ್ಟಲಿ. ಹಳೇ ನೀರಿನ ಟ್ಯಾಂಕಿನ ಹಿಂದೆ, ಹಸಿರು ಗೇಟು. ಹದಿನಾಲ್ಕರಂದು ನಾನು ಸಭೆಗೆ ಬರದಿದ್ದರೆ, ಒಪ್ಪಿಕೊಂಡು ಸುಮ್ಮನಾದ ಅಂತ ಯಾರೂ ತಿಳಿಯಬಾರದು." ಕೆಳಗೆ ಸಹಿ.

ಚೀಟಿ ಸಿಕ್ಕ ದಿನದಿಂದ. ಸಿಕ್ಕಿದ್ದಲ್ಲ, ನಾನು ಕೊಟ್ಟದ್ದು. ಕೊಟ್ಟವಳನ್ನೇ ಅವರು ತಾಯಿ ಅಂತ ಕರೆದಿದಾರೆ, ಪಾಪ, ಗೊತ್ತಿಲ್ಲದೆ.

ಅಲ್ಲೇ ಗೋಡೆಗೆ ಹಣೆ ಇಟ್ಟು ದೇವರ ಹತ್ತಿರ ಮಾತಾಡಿದೆ. ಆಣೆ ಹಾಕಿಸಿದ್ದು ಬೂಟು, ಕೇಳಿಸಿಕೊಂಡದ್ದು ನೀನು. ಮುರಿದರೆ ಬಂದು ಜವಾಬು ಕೊಡ್ತೀನಿ, ನನಗೆ ಏನು ಬೇಕಾದರೂ ಮಾಡು. ಆ ಮನುಷ್ಯನ ಜೀವ ಹೋದರೆ ಕೊಡೋಕೆ ನನ್ನ ಹತ್ತಿರ ಜವಾಬೇ ಇಲ್ಲ. ಯಾರೋ ಬಾಗಿಲು ಬಡಿದರು, "ಒಳಗೇ ಮನೆ ಮಾಡಿಕೊಂಡ್ಯೇನಮ್ಮ?" ಅಂತ.

ಹೊರಗೆ ಹೋಗೋವಾಗ ಗೇಟಿನಲ್ಲಿ ಬ್ಯಾಗು, ಚಪ್ಪಲಿ, ಮೈ ಎಲ್ಲಾ ತಡಕ್ತಾರೆ. ಟವೆಲ್ ಕದೀತೀವಿ ಅಂತ ಮುಂಚಿನಿಂದಲೂ ಇದೆ. 309ರವರು ಮಾಡಿದ್ದನ್ನೇ ಮಾಡಿದೆ. ನನ್ನ ಯೂನಿಫಾರ್ಮಿನ ಕಾಲರ್ ಬಿಚ್ಚಿ, ಕಾಗದ ಇಟ್ಟು, ಹೊಲಿದೆ.

ಗೇಟಿನ ಹುಡುಗಿ ಬೆರಳು ಭುಜದ ಮೇಲೆ ಬಂತು. ಕತ್ತಿನ ಹತ್ತಿರ ನಿಂತಿತು. "ಯಾಕಮ್ಮ, ಹಿಂಗೆ ನಡುಗ್ತಿದೀಯಾ?"

ಸುಳ್ಳು ನನಗೆ ಬರಲ್ಲ. "ಹೆದರಿಕೆ ಕಣೇ," ಅಂದೆ.

ಅವಳು ಬಿದ್ದು ಬಿದ್ದು ನಕ್ಕಳು. "ನನ್ನ ಕಂಡ್ರೆ ನನ್ನ ಗಂಡನೇ ಹೆದರಲ್ಲ. ಹೋಗು ಹೋಗು."

ಹಸಿರು ಗೇಟು. ಒಳಗೆ ಹೊಲಿಗೆ ಮಷೀನು, ಪುಸ್ತಕದ ಕಪಾಟು. ಸ್ಕೂಲ್ ಟೀಚರ್ ಆಗಿದ್ದವರಂತೆ ಅವರ ಹೆಂಡತಿ. ನಾನು ಆಡಿದ ಮೊದಲ ಮಾತು, "ಕತ್ತರಿ ಇದೆಯಾ ಟೀಚರಮ್ಮ?"

ಓದಿದರು. ಅಳಲಿಲ್ಲ. ಎದ್ದು ಹೋಗಿ ಮಾತ್ರೆ ಡಬ್ಬಿ ತಂದರು. "ದಿನಾ ಫೋನ್ ಮಾಡಿ ಹೇಳ್ತಾರೆ, ಸಾಹೇಬರು ರೆಸ್ಟ್ ತಗೋತಿದಾರೆ ಅಂತ. ಪೊಲೀಸರು ಏನಂದ್ರು ಗೊತ್ತಾ? ಗಂಡ ಒಳ್ಳೇ ಹೋಟೆಲಲ್ಲಿದ್ರೆ ಕಂಪ್ಲೇಂಟ್ ಯಾಕಮ್ಮ ಅಂದ್ರು." ಕಾಗದವನ್ನ ಸಭಾಧ್ಯಕ್ಷರ ಕೈಗೂ ಪೇಪರಿನವರಿಗೂ ಕೊಡ್ತೀನಿ ಅಂದರು. ಆಗ ಸಭೆಗೆ ಕರೆದುಕೊಂಡು ಬರಲೇಬೇಕಾಗುತ್ತೆ. "ಅಲ್ಲಿವರೆಗೆ ಅವರ ಎದೆ ತಡೀಬೇಕಲ್ಲ."

ಆಮೇಲೆ ಸಡಿಲ ಹೊಲಿಗೆಯ ಆ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು. "ಇದು ನಿಮ್ಮನ್ನ ಹಿಡಿದು ಕೊಡುತ್ತೆ. ಹರಿದು ಹಾಕ್ಲಾ?"

"ಬೇಡಿ. ಹರಿದ ಕಾಗದ ನೋಡಿದ್ರೆ, ನೀವೇ ಬರೆದದ್ದು ಅಂತಾರೆ."

ಬಾಯಿ ತಪ್ಪಿ ಧೈರ್ಯದ ಮಾತು ಆಡಿಬಿಟ್ಟೆ. ದಾರಿ ಉದ್ದಕ್ಕೂ ವಾಪಸು ಹೋಗಿ, ಹರಿದುಬಿಡಿ ಟೀಚರಮ್ಮ, ಅನ್ನೋಣ ಅನ್ನಿಸ್ತಿತ್ತು.

ಜೂನ್ 12, ಸಂಜೆ

ಒಳಗೆ ಹೋಗೋವಾಗ ಯಾರೂ ತಡಕಲ್ಲ. ಹೋಟೆಲಿಗೆ ಏನಾದರೂ ತಂದು ಹಾಕ್ತೀವಿ ಅಂತ ಅವರಿಗೆ ಅನುಮಾನವೇ ಇಲ್ಲ. ಎಂಟು ಮಾತ್ರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅವರ ಅಂಗಿಯ ಕಾಲರಿನ ಎರಡೂ ಮೂಲೆಗೆ ನಾಲ್ಕು ನಾಲ್ಕು. ಜೇಬಿಗೆ ಮತ್ತೆ ಅದೇ ಕಚ್ಚಾ ಟಾಕು.

ಇಸ್ತ್ರಿಯಣ್ಣನ ಟೇಬಲ್ ಮೇಲೆ ಇಟ್ಟೆ. "ಅಣ್ಣಾ, ಇದರ ಕಾಲರಿಗೆ ಇಸ್ತ್ರಿ ಬೇಡ."

ನನ್ನ ಮುಖ ನೋಡಿದ. ಕಾಲರ್ ಮುಟ್ಟಿ ನೋಡಿದ. "ಮೂವತ್ತು ವರ್ಷದಲ್ಲಿ ಕಾಲರ್ ಬಿಟ್ಟು ಅಂಗಿ ಕಳಿಸಿಲ್ಲ ನಾನು," ಅಂದ. "ನನ್ನ ಮಾನ ತೆಗೀತೀಯಾ ತಂಗೀ." ತೋಳು ಮಾಡಿದ, ಬೆನ್ನು ಮಾಡಿದ, ಕಾಲರ್ ಹಾಗೇ ಬಿಟ್ಟು ಮಡಿಸಿ ಮೇಲೆ ಕಳಿಸಿದ.

ಜೂನ್ 13, ಮಧ್ಯಾಹ್ನ

ಪೇಪರಿನಲ್ಲಿ ಬಂದಿದೆ. ಕಾಗದದ ಫೋಟೋ. ಮೇಲಿನ ಸಾಲೂ ಇದೆ, ಎಲ್ಲಕ್ಕಿಂತ ದಪ್ಪಗೆ.

ಹೋಟೆಲಿನ ಮುಂದೆ ಕ್ಯಾಮೆರಾ, ಬೋರ್ಡು ಹಿಡಿದ ಜನ. ಕ್ಯಾಸಿನೊ ಬೇಡ ಅನ್ನೋರು ಒಂದು ಕಡೆ, ಕೆಲಸ ಬೇಕು ಅನ್ನೋರು ಇನ್ನೊಂದು ಕಡೆ. ನಾನು ಹಿಂದಿನ ಗೇಟಿನಿಂದ ಹೋದೆ. ಬೂಟಿನ ಸದ್ದು ಮೆಟ್ಟಿಲು ಇಳಿಯೋದು ಕೇಳಿಸಿತು. ಒಂದೊಂದೇ ಮೆಟ್ಟಿಲು, ಅವಸರವೇ ಇಲ್ಲ.

ಬೈಯಲಿಲ್ಲ. ಅದೇ ಹೆದರಿಕೆ. ಪೇಪರ್ ನನ್ನ ಟೇಬಲ್ ಮೇಲೆ ಬಿಡಿಸಿ ಇಟ್ಟ. "ಜೇಬು ಹೊಲಿಯೋಕೆ ನಾನು ಹೇಳಿದ್ದು ಒಬ್ಬರಿಗೇ. ನಾಳೆ ಮೂರು ಗಂಟೆಗೆ ನನ್ನ ರೂಮಿಗೆ ಬಾ, ಯೂನಿಫಾರ್ಮ್ ತಗೊಂಡು. ಓಟು ಮುಗೀಲಿ. ಅಲ್ಲಿವರೆಗೆ ಮನೇಲಿರು." ಹೋಗುತ್ತಾ ತಿರುಗಿದ. "ಮನೆ ಎಲ್ಲಿ ಅಂತ ನಮಗೆ ಗೊತ್ತಿದೆ."

ಮನೆಗೆ ಬಂದು ಇವರಿಗೆ ಎಲ್ಲಾ ಹೇಳಿದೆ. ಹೇಳೋವರೆಗೂ ಗೊತ್ತಿರಲಿಲ್ಲ ಅವರಿಗೆ. ಕಾರಿನ ಕೆಲಸ ಹೋಯಿತಲ್ಲ ಅಂತ ಕೂಗಾಡ್ತಾರೆ ಅಂದುಕೊಂಡೆ. ಎದ್ದು ಹೋಗಿ ಬಾಗಿಲಿನ ಬೋಲ್ಟು ಸರಿಯಾಗಿ ಕೂರುತ್ತಾ ಅಂತ ನೋಡಿದರು. ಎರಡು ಸಲ.

ಜೂನ್ 14, ಹನ್ನೊಂದು ಗಂಟೆ

ಬೆಳಿಗ್ಗೆಯಿಂದ ಎದುರು ಮನೆಯ ಗೋಡೆಗೆ ಒರಗಿಕೊಂಡು ಒಂದು ಬೈಕು. ಮೇಲೆ ಒಬ್ಬ. ಹೆಲ್ಮೆಟ್ ತೆಗೆದಿಲ್ಲ.

ಯೂನಿಫಾರ್ಮ್ ಒಗೆದು ಮಡಿಸಿ ಇಟ್ಟಿದೀನಿ. ಕಾಲರ್ ಮತ್ತೆ ಮೊದಲಿನ ಹಾಗೆ ಹೊಲಿಯೋಣ ಅಂತ ಸೂಜಿ ಹಿಡಿದೆ. ಬಿಟ್ಟೆ. ಮುಚ್ಚಿಟ್ಟ ಹಾಗಾಗುತ್ತೆ.

"ಒಂದೇ ಒಂದು ಸುಳ್ಳು ಹೇಳು ತಾಯಿ," ಅಂತಾರೆ ಇವರು. "ದಾರ ಹಳೇದಿತ್ತು, ತಾನೇ ಬಿಚ್ಚಿಕೊಂಡಿತು ಅನ್ನು."

"ದಾರ ಹೊಸದಿತ್ತು."

"ಅಯ್ಯೋ, ಅದನ್ನ ನನಗೆ ಯಾಕೆ ಹೇಳ್ತೀಯಾ!"

ಮೂರಕ್ಕೆ ನಾನೂ ಬರ್ತೀನಿ ಅಂತ ಬೆನ್ನಿಗೆ ಬೆಲ್ಟು ಕಟ್ಟಿಕೊಂಡು ಕೂತಿದಾರೆ. ನಾಲ್ಕು ಗಂಟೆ ಮುಂಚೆಯೇ.

ಹನ್ನೆರಡೂಕಾಲು

ಟಿವಿಯಲ್ಲಿ ಸಭೆ ತೋರಿಸ್ತಿದಾರೆ. ಸರ್ಕಾರದ ಕಡೆಯವರು ಹೇಳಿದರು, ಪತ್ರ ಖೋಟಾ, ಆ ಸದಸ್ಯರಿಗೆ ಮೈ ಸರಿಯಿಲ್ಲ, ಬರೋದು ಕಷ್ಟ. ಸಭಾಧ್ಯಕ್ಷರು, ಅವರನ್ನ ಕಣ್ಣಲ್ಲಿ ನೋಡದೆ ಓಟು ಶುರು ಮಾಡಲ್ಲ ಅಂದರು. ನಲವತ್ತು ನಿಮಿಷ ಖಾಲಿ ಕುರ್ಚಿ ತೋರಿಸಿದರು. ಅಷ್ಟು ಹೊತ್ತೂ ನಾನು ಪ್ರಾರ್ಥನೆಯ ಒಂದೇ ಸಾಲು ಹೇಳ್ತಿದ್ದೆ, ಮುಂದಿನದು ನೆನಪಿಗೆ ಬರಲಿಲ್ಲ.

ಬಂದರು. ಅವರನ್ನ ನೋಡಿದ್ದೇ ಇಲ್ಲ ನಾನು, ಆದರೂ ತಕ್ಷಣ ಗೊತ್ತಾಯಿತು. ಆಚೆ ಈಚೆ ಇಬ್ಬರು ಹಿಡಿದಿದಾರೆ. ಸಣ್ಣ ಮನುಷ್ಯ. ಬಿಳಿ ಅಂಗಿ. ಸುತ್ತ ಎಲ್ಲರ ಕಾಲರೂ ನೆಟ್ಟಗೆ, ಅವರದು ಮಾತ್ರ ಸುಕ್ಕು ಸುಕ್ಕು. ಇಡೀ ಸಭೆಯಲ್ಲಿ ಇಸ್ತ್ರಿ ಕಾಣದ ಕಾಲರ್ ಅದೊಂದೇ. ಮೂಲೆಗಳ ಉಬ್ಬು ಇಲ್ಲ. ಮಾತ್ರೆ ತಗೊಂಡಿದಾರೆ. ದೇವರೇ, ತಗೊಂಡಿದಾರೆ.

ಒಬ್ಬೊಬ್ಬರ ಹೆಸರು ಕೂಗಿ ಕೇಳ್ತಿದಾರೆ, ಹೌದೋ ಅಲ್ಲವೋ ಅಂತ. ಹೌದು. ಹೌದು. ಅಲ್ಲ. ಹೌದು. ಇವರು ಟಿವಿ ಸೌಂಡ್ ಜಾಸ್ತಿ ಮಾಡಿದರು. ಹೊರಗೆ ಬೈಕು ಸ್ಟಾರ್ಟ್ ಆಯಿತು. ಹೋಗ್ತಿದಾನೋ, ಬರ್ತಿದಾನೋ. ಎದ್ದು ನೋಡಲ್ಲ ನಾನು. ಅವರ ಹೆಸರು ಕರೆದರು. ಹಿಡಿದವರ ಕೈ ಬಿಡಿಸಿಕೊಂಡರು. ಬೆಂಚು ಹಿಡಿದು ಎದ್ದು ನಿಂತರು, ಒಂದು ಕೈ ಕಾಲರಿನ ಮೇಲೆ, ಈಗ ಬಾಯಿ ತೆರೆದರು. "ಅಲ್ಲ."