ಹೂನ್ರಿ ಸಾಹೇಬ್ರ

ಅಪ್ಪಾ,

ಇವತ್ತು ಮೆಡಿಕಲ್ ಕಾಲೇಜಿನ ಕ್ಲಾಸಿನಲ್ಲಿ ನಾನು ನೀನಾಗಿದ್ದೆ. ರೋಗಿಗಳ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ನಾಟಕ ಮಾಡಿ ಕಲಿಯುವ ಪಾಠ. ಗೆಳೆಯ ಅಸದ ಡಾಕ್ಟರ್, ನಾನು ಬಿ.ಪಿ. ಇರುವ ರೈತ. ನಿನ್ನ ಹಾಗೆಯೇ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಬಂದೆ, ಕುರ್ಚಿ ಇದ್ದರೂ ಕೂರಲಿಲ್ಲ. ಅವನು ಹೇಳಿದ್ದಕ್ಕೆಲ್ಲ "ಹೂನ್ರಿ ಸಾಹೇಬ್ರ" ಎಂದು ಗೋಣು ಹಾಕಿದೆ.

ಅಸದನಿಗೆ ಖುಷಿಯೋ ಖುಷಿ. ಮೇಡಂ ಮಾತ್ರ, "ಅವ್ರಿಗಿ ತಿಳೀತಂತ ನಿನಗ ಹೆಂಗ ಗೊತ್ತಾತು? ಕೇಳಿ ನೋಡು" ಎಂದರು.

"ಕಾಕಾ, ಮನಿಗಿ ಹೋಗಿ ಏನಂತ ಹೇಳ್ತೀರಿ?"

ಅಂದು ದವಾಖಾನೆಯಿಂದ ನಮ್ಮೂರು ಗುಂಡಗುರ್ತಿಗೆ ಮರಳಿ ನೀನು ಅವ್ವನಿಗೆ ಹೇಳಿದ್ದೇ ನನ್ನ ಬಾಯಿಗೆ ಬಂತು: "ಡಾಕ್ಟರ್ ಭಾಳ ಚಲೋ ಮನಷಾ ಅಂತ ಹೇಳ್ತೀನ್ರಿ."

ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಅಸದ ನಗಲಿಲ್ಲ. ಎದ್ದು ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದ, ತಾನೂ ಪಕ್ಕದಲ್ಲಿ ಕುಳಿತ.

"ಕಾಕಾ, ಆರಾಮ ಅನಿಸಿದ್ರೂ ಗುಳಿಗಿ ಬಿಡಬ್ಯಾಡ್ರಿ. ಈಗ ನೀವು ಹೇಳ್ರಿ, ನಾ ಕೇಳ್ತೀನಿ."

ನಾನು ಹೇಳಿದೆ. ತಪ್ಪಿದಲ್ಲಿ ತಿದ್ದಿದ, ಮತ್ತೆ ಹೇಳಿಸಿದ.

ಆರಾಮಾಯಿತೆಂದು ನೀನು ನುಂಗದೆ ಗೋಡೆಯ ಗೂಡಿನಲ್ಲಿ ಬಿಟ್ಟ ಗುಳಿಗೆಗಳನ್ನು, ನೀನು ತೀರಿಹೋದ ಮೇಲೂ ಅವ್ವ ಇನ್ನೂ ಎಸೆದಿಲ್ಲ. ಇರಲಿ. ಈ ಸಲ ನಿನಗೆ ತಿಳಿಯಿತಪ್ಪಾ.